ಕೈತಪ್ಪಿದ ಮನೆ



ಸಂಸ್ಕೃತದಲ್ಲಿ ಮನೆಗೆ ‘ಗೃಹ’ ಎನ್ನುತ್ತಾರೆ. ‘ಗ್ರಹ್’ ಎಂಬ ಧಾತುವಿನಿಂದ ಹುಟ್ಟಿದ ಶಬ್ದವದು. ಆ ಧಾತುವಿಗೆ ಹಿಡಿಯುವುದು ಎಂದು ಅರ್ಥ. ಮನೆ ಎಂಬ ಅರ್ಥದಲ್ಲಿ ಈ ಶಬ್ದವನ್ನು ಸಾಧಿಸುವುದಕ್ಕಾಗಿಯೇ ಪಾಣಿನಿ ಮಹರ್ಷಿಯು ಒಂದು ಪುಟ್ಟ ಸೂತ್ರವನ್ನು ಮಾಡಿದ್ದಾನೆ. ಧಾನ್ಯಾದಿ ಪದಾರ್ಥಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಗೃಹವೆಂದು ಪಂಡಿತರು ವಿವರಿಸುತ್ತಾರೆ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಮಾತಿಗೆ ಇನ್ನೊಂದು ಅರ್ಥವೂ ಉಂಟೆಂಬುದು, ಭಕ್ತರ ಕಷ್ಟಸುಖಗಳನ್ನು ಕೇಳತೊಡಗಿದ ಮೇಲೆ ನಮಗೆ ಹೊಳೆಯಿತು. ಮನೆಯು ಮನುಷ್ಯನನ್ನೂ ಹಿಡಿಯುತ್ತದೆ. ಕೊಂಡ ಮನೆ ಹಿಡಿದರೆ ನೆರಳನ್ನಾದರೂ ಕೊಟ್ಟೀತು; ಕೊಳ್ಳಬೇಕೆಂದು ಬಯಸಿ ಕೈತಪ್ಪಿದ ಮನೆಯಿದೆಯಲ್ಲ, ಅದು ನೆರಳನ್ನೂ ಕೊಡದೆ ಹಿಡಿಯುತ್ತದೆ.

ಹಿಂದೆ ಮಠಕ್ಕೆ ಬರುವವರು ಮಳೆಯಾಗಲಿಲ್ಲ, ಎತ್ತು ಸತ್ತಿತು, ಮಗಳಿಗೆ ವರ ಸಿಗಲೊಲ್ಲದು ಎಂದು ಬರುತ್ತಿದ್ದರು. ಈಗ ಅವರ ಜೊತೆಗೆ ‘ಅಜ್ಜಾರ, ನೋಡಿದ ಮನಿ ಕೈಬಿಟ್ಟು ಹೋತ್ರಿ’ ಎಂದು ಬರುವವರೂ ಇದ್ದಾರೆ. ಇದನ್ನು ಕೇಳಿ ಕಾವಿಬಟ್ಟೆಯವರು ನಗಬಾರದು. ಎಲ್ಲವೂ ನಶ್ವರವಪ್ಪಾ, ಇಟ್ಟಿಗೆ ಮಣ್ಣಿಗೆ ಯಾಕೆ ಅಳುತ್ತೀ ಎಂದು ಹೇಳಿ ಕಳಿಸುವುದು ಬಹಳ ಸುಲಭ. ಆದರೆ ಹಾಗೆ ಹೇಳುವವನು ಮಠದ ಗಟ್ಟಿ ಗೋಡೆಯ ಒಳಗೆ ಕುಳಿತು ಹೇಳುತ್ತಾನೆ. ಅವನಿಗೆ ತಿಂಗಳ ಬಾಡಿಗೆಯಿಲ್ಲ, ಮನೆ ಖಾಲಿ ಮಾಡೆಂದು ಹೇಳುವ ಮಾಲೀಕನಿಲ್ಲ. ಮಠಗಳ ಆಸ್ತಿಯ ವ್ಯಾಜ್ಯಗಳೇ ನ್ಯಾಯಾಲಯಗಳಲ್ಲಿ ವರ್ಷಾನುಗಟ್ಟಲೆ ನಡೆದದ್ದನ್ನು ತಾವೆಲ್ಲ ಬಲ್ಲಿರಿ. ಆದ್ದರಿಂದ ಸಂಸಾರಿಗಳ ಮನೆಯ ಆಸೆಯನ್ನು ಹಗುರಾಗಿ ಆಡುವ ಅಧಿಕಾರ ನಮಗಿಲ್ಲ. ಸಂಸಾರಿಗೆ ಮನೆ ಬೇಕು. ಲಿಂಗಪೂಜೆಗೆ ಒಂದು ಮೂಲೆ ಬೇಕು, ಬಂದ ಜಂಗಮನಿಗೆ ಒಂದು ಚಾಪೆ ಹಾಸುವಷ್ಟು ಪಡಸಾಲೆ ಬೇಕು.

ಧಾರವಾಡದಲ್ಲಿ ಒಬ್ಬ ಶಾಲಾ ಮಾಸ್ತರರು ನಮ್ಮ ಮಠದ ಭಕ್ತರು. ಹೆಸರು ಬೇಡ. ಹನ್ನೊಂದು ವರ್ಷದಿಂದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿ, ಮಗಳು, ವಯಸ್ಸಾದ ತಾಯಿಯೊಡನೆ ಇದ್ದಾರೆ. ಅವರಿಗೆ ಒಂದು ಹಳೆಯ ಮನೆ ಮನಸ್ಸಿಗೆ ಬಂದಿತು. ಮಂಗಳೂರು ಹೆಂಚಿನ ಮನೆ, ಉದ್ದನೆಯ ಪಡಸಾಲೆ, ಹಿತ್ತಿಲಲ್ಲಿ ಬಾವಿ, ಒಂದು ಮಾವಿನ ಮರ. ನಲವತ್ತೆರಡು ಲಕ್ಷಕ್ಕೆ ಮಾತಾಯಿತು. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ‘ಇವತ್ತೇ ಇಸಾರ ಕೊಟ್ಟು ಬರ್ರಿ’ ಎಂದು ಮನೆಯಾಕೆ ಹೇಳಿದಳು. ಮಾಸ್ತರರು, ‘ಅಮಾಸಿ ಹತ್ತರ ಬಂದದ, ದಾಟಲಿ’ ಎಂದರು. ನಾಲ್ಕು ದಿನ. ಮೂರನೆಯ ದಿನ ಸಂಜೆ ಮತ್ತೊಬ್ಬರು ಬಂದು ಇಸಾರ ಕೊಟ್ಟು ಕರಾರು ಬರೆಸಿಕೊಂಡರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಮಾವಾಸ್ಯೆಯ ದಿನ ನೀವು ಗಾಡಿ ಕಟ್ಟಿಕೊಂಡು, ಬಸ್ಸು ಹತ್ತಿಕೊಂಡು ಗದ್ದುಗೆಯ ದರ್ಶನಕ್ಕೆ ಬರುತ್ತೀರಿ. ಅಂದು ಈ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗುರುದರ್ಶನಕ್ಕೆ ಒಳ್ಳೆಯದಾದ ದಿನ ಇಸಾರ ಕೊಡುವುದಕ್ಕೆ ಕೆಟ್ಟದ್ದು ಹೇಗಾಯಿತು? ದಿನ ಒಂದೇ, ಚಂದ್ರನೂ ಒಬ್ಬನೇ. ಶರಣರು ತಿಥಿ ವಾರಗಳ ಈ ಭಯವನ್ನು ಬಿಡಿಸಿ ಎಂಟುನೂರು ವರ್ಷಗಳ ಮೇಲಾಯಿತು. ನಾವು ಕೊರಳಲ್ಲಿ ಲಿಂಗವನ್ನೂ ಕಿಸೆಯಲ್ಲಿ ಪಂಚಾಂಗವನ್ನೂ ಇಟ್ಟುಕೊಂಡು ತಿರುಗುತ್ತಿದ್ದೇವೆ.

ಇರಲಿ. ಆರು ತಿಂಗಳ ಮೇಲೆ ಆ ದಂಪತಿಗಳು ಮಠಕ್ಕೆ ಬಂದರು. ಹೊಸ ಮನೆಗೆ ಹೋಗುವ ಸಂಭ್ರಮದಲ್ಲಿ ಆ ತಾಯಿ ಪಾತ್ರೆಪಡಗ, ಮೇಲಿನ ಬಟ್ಟೆಬರೆಗಳನ್ನೆಲ್ಲ ಟ್ರಂಕುಗಳಲ್ಲಿ ಕಟ್ಟಿಟ್ಟಿದ್ದಳಂತೆ. ಆರು ತಿಂಗಳಾದರೂ ಅವನ್ನು ಬಿಚ್ಚಿರಲಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ‘ಇವರ ಅಮಾಸಿ’ ಎಂಬ ಮಾತು ಬರುತ್ತಿತ್ತು. ಮಾಸ್ತರರು ಅರ್ಧ ಊಟದಲ್ಲಿ ಏಳುತ್ತಿದ್ದರು. ನಡುವೆ ಕುಳಿತ ಮುದುಕಿ ಯಾರ ಕಡೆಗೂ ಮಾತಾಡದೆ ರೊಟ್ಟಿ ಮುರಿಯುತ್ತಿತ್ತು.

ನಾವು ಆ ತಾಯಿಯನ್ನು ಕೇಳಿದೆವು: ‘ಆ ಮನೆಯಲ್ಲಿ ಎಷ್ಟು ದಿನ ಇದ್ದಿರಿ?’

‘ಒಂದು ದಿನಾನೂ ಇಲ್ಲರಿ. ಮೂರು ಸಲ ನೋಡಿ ಬಂದೇವಿ, ಅಷ್ಟ.’

‘ಮನಸ್ಸಿನಲ್ಲಿ?’

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದಿನಾ ರಾತ್ರಿ ಅಲ್ಲೇ ಇರತೇನ್ರಿ’ ಎಂದಳು. ಬೀಸುವ ಕಲ್ಲು ಎಲ್ಲಿಡಬೇಕು, ಮಗಳು ಯಾವ ಕಿಟಕಿಯ ಹತ್ತಿರ ಕುಳಿತು ಓದಬೇಕು, ಎಲ್ಲವೂ ಆಕೆಗೆ ಗೊತ್ತಿತ್ತು.

ಇಂಥವರಿಗೆ ಲೋಕವು ಎರಡು ತರದ ಸಮಾಧಾನ ಹೇಳುತ್ತದೆ. ಒಂದು, ‘ಆ ಮನೆಯ ಋಣ ನಿಮಗಿರಲಿಲ್ಲ’ ಎಂಬುದು. ಗಾಯಕ್ಕೆ ಎಣ್ಣೆ ಸವರಿದಂತೆ ಅದು ಒಂದು ಗಳಿಗೆ ತಂಪು. ಆದರೆ ನಾಲ್ಕು ದಿನ ತಡಮಾಡಿದ್ದನ್ನು ಋಣದ ತಲೆಗೆ ಕಟ್ಟಿದರೆ ಮುಂದಿನ ಮನೆಗೂ ತಡವಾಗುತ್ತದೆ. ಇನ್ನೊಂದು, ‘ಆ ಮನೆಯ ವಾಸ್ತು ಸರಿಯಿರಲಿಲ್ಲ, ಹೋದದ್ದೇ ಒಳ್ಳೆಯದಾಯಿತು’ ಎಂಬುದು. ಇದು ಬರಿಯ ಸುಳ್ಳು. ನಿನ್ನೆಯವರೆಗೆ ಅರಮನೆಯಂತಿದ್ದದ್ದು ಇಂದು ಹೇಗೆ ಕೆಟ್ಟಿತು? ಸಿಕ್ಕದ ವಸ್ತುವನ್ನು ಜರೆದು ಪಡೆಯುವ ಶಾಂತಿ ಶಾಂತಿಯಲ್ಲ. ಮನೆ ಚೆನ್ನಾಗಿತ್ತು, ನಮಗೆ ಸಿಗಲಿಲ್ಲ, ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳುವ ಧೈರ್ಯ ಬರಬೇಕು.

ತರ್ಕಶಾಸ್ತ್ರದಲ್ಲಿ ಅಭಾವವೆಂಬ ಒಂದು ಪದಾರ್ಥವನ್ನು ಹೇಳಿದ್ದಾರೆ. ಅಭಾವವೆಂದರೆ ಇಲ್ಲದಿರುವಿಕೆ. ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದ ಹುಡುಗರಿಗೂ ಇದು ಗೊತ್ತು. ಅದರಲ್ಲಿ ನಾಲ್ಕು ಬಗೆ; ನಮಗೆ ಈಗ ಎರಡು ಸಾಕು. ಗಡಿಗೆಯನ್ನು ಕುಂಬಾರನು ಇನ್ನೂ ಮಾಡಿಲ್ಲ, ಆಗ ಗಡಿಗೆ ಇಲ್ಲ. ಇದು ಪ್ರಾಗಭಾವ. ಮಾಡಿದ ಗಡಿಗೆ ಬಿದ್ದು ಒಡೆಯಿತು, ಆಗಲೂ ಗಡಿಗೆ ಇಲ್ಲ. ಇದು ಪ್ರಧ್ವಂಸಾಭಾವ. ನೋಡುವವರಿಗೆ ಎರಡೂ ಒಂದೇ, ಇಲ್ಲ ಎಂದರೆ ಇಲ್ಲ. ಆದರೆ ಶಾಸ್ತ್ರಕಾರರು ಎಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ! ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು. ಗಡಿಗೆ ಹುಟ್ಟಿದ ಕೂಡಲೆ ಅದು ಮುಗಿಯಿತು. ಪ್ರಧ್ವಂಸಕ್ಕೆ ಆದಿಯುಂಟು, ಅಂತ್ಯವಿಲ್ಲ; ಒಡೆದ ಗಡಿಗೆ ಅದೇ ಗಡಿಗೆಯಾಗಿ ಮತ್ತೆ ಬಾರದು.

ಈಗ ಹೇಳಿರಿ, ಆ ತಾಯಿಗೆ ಸ್ವಂತ ಮನೆಯಿಲ್ಲದಿರುವುದು ಯಾವ ಅಭಾವ? ಮನೆ ಅವರದಾಗಿ ಆಮೇಲೆ ಹೋಗಲಿಲ್ಲ. ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಅದು ಪ್ರಾಗಭಾವ, ಒಂದು ದಿನ ಮುಗಿಯತಕ್ಕದ್ದು. ಆದರೆ ಆಕೆ ಅಳುತ್ತಿದ್ದದ್ದು ಪ್ರಧ್ವಂಸದ ಅಳು, ಒಡೆದು ಹೋದದ್ದಕ್ಕೆ ಅಳುವ ಅಳು.

ನಮ್ಮ ದೇಶದ ಕಾಯ್ದೆಯೂ ತರ್ಕದ ಪಕ್ಷವನ್ನೇ ಹಿಡಿದಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೆಯ ಕಲಮಿನ ಪ್ರಕಾರ, ಬರಿಯ ಖರೀದಿ ಕರಾರಿನಿಂದ ಆ ಆಸ್ತಿಯಲ್ಲಿ ಕೊಳ್ಳುವವನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಖರೀದಿ ಪತ್ರವು ನೋಂದಣಿಯಾಗಬೇಕು, ಆಗಲೇ ಮನೆ ಅವನದು. ಹಾಗೆಂದು ಕರಾರು ನಿಷ್ಫಲವೆಂದಲ್ಲ. ಲಿಖಿತ ಕರಾರು ಮಾಡಿ ಮಾರುವವನು ಹಿಂದೆಗೆದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಮೇರೆಗೆ ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕೆ ಮೂರು ವರ್ಷಗಳ ಅವಧಿ. ಇಸಾರದ ಹಣ ಸಿಕ್ಕಿಬಿದ್ದವರು ಕೈಕಟ್ಟಿ ಕೂಡ್ರಬೇಕಾಗಿಲ್ಲ, ಒಳ್ಳೆಯ ವಕೀಲರನ್ನು ಕಾಣಲಿ. ನ್ಯಾಯವಾದದ್ದನ್ನು ಕೇಳಿ ಪಡೆಯುವುದು ಲೋಭವಲ್ಲ. ಆದರೆ ಬಾಯಿಮಾತು ಮಾತ್ರ ಆಗಿದ್ದಲ್ಲಿ, ಇಸಾರವನ್ನೇ ಕೊಡದಿದ್ದಲ್ಲಿ, ಕಾಯ್ದೆಯ ಪುಸ್ತಕದಲ್ಲಿಲ್ಲದ ಒಡೆತನ ಒಂದು ಮನಸ್ಸಿನಲ್ಲಿ ನೋಂದಣಿಯಾಗಿಬಿಟ್ಟಿರುತ್ತದೆ. ‘ನನ್ನದು’ ಎಂಬ ಭಾವಕ್ಕೆ ಮುದ್ರಾಂಕ ಶುಲ್ಕವಿಲ್ಲ ನೋಡಿ, ಅದಕ್ಕೇ ಅಷ್ಟು ಬೇಗ ಆಗುತ್ತದೆ.

ಹಾಗಾದರೆ ಆ ಮನೆಯಲ್ಲಿ ಪ್ರಧ್ವಂಸವಾದದ್ದು ಏನೂ ಇಲ್ಲವೇ? ಉಂಟು. ಒಂದು ಆಸೆ ಒಡೆಯಿತು. ಅದಕ್ಕೆ ಅಳಬೇಕು, ಅಳುವುದು ತಪ್ಪಲ್ಲ. ನಾಲ್ಕು ದಿನ ಅತ್ತರೆ ಹೃದಯ ಹಗುರಾಗುತ್ತದೆ. ಆದರೆ ಅದಕ್ಕಿಂತ ದೊಡ್ಡದೊಂದು ದಿನದಿನವೂ ಒಡೆಯುತ್ತಿತ್ತು. ಹದಿನಾರು ವರ್ಷದ ದಾಂಪತ್ಯ. ಅದು ಮಾತ್ರ ಅವರಿಬ್ಬರದೇ ಸ್ವಂತ ಆಸ್ತಿ, ಬ್ಯಾಂಕಿನ ಸಾಲವಿಲ್ಲದ್ದು. ತಮ್ಮದಲ್ಲದ ಮನೆಗಾಗಿ ತಮ್ಮದಾದ ಮನೆಯನ್ನು ಕೆಡವುತ್ತಿದ್ದರು. ಆ ಮುದುಕಿ ಅದನ್ನು ಕಂಡಿದ್ದಳು, ಹೇಳಲು ಬಾಯಿ ಬರಲಿಲ್ಲ.

ಮಾಸ್ತರರನ್ನು ಬೇರೆ ಕೂಡ್ರಿಸಿಕೊಂಡು ಕೇಳಿದೆವು: ‘ತಡವಾದದ್ದು ನನ್ನಿಂದ ಎಂದು ಒಮ್ಮೆಯಾದರೂ ಆಕೆಗೆ ಹೇಳಿದ್ದೀರಾ?’ ಅವರು ಮನೆ ಮಾರಿದವನನ್ನು ಬೈದರು, ದಲ್ಲಾಳಿಯನ್ನು ಬೈದರು, ಕಾಲ ಕೆಟ್ಟಿತೆಂದರು. ಆ ಒಂದು ಮಾತು ಮಾತ್ರ ಬರಲಿಲ್ಲ. ಮಕ್ಕಳಿಗೆ ಲೆಕ್ಕ ತಿದ್ದಿ ಕೊಡುವವರು, ತಮ್ಮ ಲೆಕ್ಕದಲ್ಲಿ ಕೆಂಪು ಗೆರೆ ಎಳೆಯಲು ಅವರಿಗೆ ಕಷ್ಟ. ‘ಆಕೆ ನಿಮ್ಮನ್ನು ಆರು ತಿಂಗಳಿಂದ ಮನೆ ಕೇಳುತ್ತಿಲ್ಲ, ಈ ಮಾತು ಕೇಳುತ್ತಿದ್ದಾಳೆ’ ಎಂದೆವು. ಆಮೇಲೆ ಆ ತಾಯಿಗೂ ಹೇಳಿದೆವು: ಅವರು ಆ ಮಾತು ಹೇಳಿದ ದಿನದಿಂದ ಅಮಾಸಿಯ ಸುದ್ದಿ ಊಟದ ಮುಂದೆ ಬರಕೂಡದು. ಊಟವೆಂದರೆ ಪ್ರಸಾದ; ಪ್ರಸಾದದಲ್ಲಿ ಕಲ್ಲು ಹಾಕಬಾರದು. ಮತ್ತು ಟ್ರಂಕುಗಳನ್ನು ಬಿಚ್ಚಬೇಕು.

ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ಕಟ್ಟಿದ ಮನೆಗಳನ್ನು ಬಿಟ್ಟು ನಡೆದರು. ಚೆನ್ನಬಸವಣ್ಣನವರೊಡನೆ ಬಂದವರು ಉಳವಿಯ ಕಾಡನ್ನು ಸೇರಿದರು. ಇಂದಿಗೂ ನಮ್ಮ ಭಾಗದ ಭಕ್ತರು ಅಲ್ಲಿಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಾರೆ. ಅವರದು ನಿಜವಾದ ಪ್ರಧ್ವಂಸ, ಇದ್ದದ್ದೇ ಹೋಯಿತು. ಆದರೂ ಆ ಕಾಡಿನಲ್ಲಿ ಅವರು ಕಟ್ಟಿಟ್ಟ ಗಂಟಿನ ಮೇಲೆ ಕುಳಿತು ಕಾಲ ಕಳೆಯಲಿಲ್ಲ. ಇಳಿದ ಕಡೆ ಗಂಟು ಬಿಚ್ಚಿದರು, ಒಲೆ ಹೂಡಿದರು, ಪೂಜೆಗೆ ಕುಳಿತರು.

ಇನ್ನು ಕೆಲವರಿಗೆ ಮನೆ ತಪ್ಪುವುದು ತಡದಿಂದಲ್ಲ, ಮತ್ತೊಬ್ಬರು ಹೆಚ್ಚು ಬೆಲೆ ಕೊಟ್ಟದ್ದರಿಂದ. ‘ಇನ್ನೂ ಐದು ಲಕ್ಷ ಸಾಲ ಎತ್ತಿದ್ದರೆ ನಮಗೇ ಆಗುತ್ತಿತ್ತು’ ಎಂದು ಅವರು ಕೊರಗುತ್ತಾರೆ. ಆಯ್ದಕ್ಕಿ ಲಕ್ಕಮ್ಮನು ಗಂಡನು ದಿನಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಕಥೆ ನಿಮಗೆಲ್ಲ ಗೊತ್ತಿದೆ. ನಿಮ್ಮ ಕಾಯಕದ ಗಳಿಕೆ ಎಷ್ಟು ಕಂತು ತಾಳೀತೆಂಬುದನ್ನು ಮನೆ ನೋಡುವ ಮೊದಲೇ ಗಂಡಹೆಂಡಿರು ಕೂಡಿ ಲೆಕ್ಕ ಹಾಕಬೇಕು. ಮಾವಿನ ಮರ ನೋಡಿದ ಮೇಲೆ ಲೆಕ್ಕ ಹತ್ತುವುದಿಲ್ಲ.

ಆ ಮನೆ ಕೊಂಡವರೂ ಈ ಮಠದ ಭಕ್ತರೇ. ಗುರುಪ್ರವೇಶದ ಆಮಂತ್ರಣ ಮಾಸ್ತರರ ಮನೆಗೂ ಬಂದಿತು. ‘ಹೋಗಬೇಕೇನ್ರಿ ಅಜ್ಜಾರ?’ ಎಂದು ಆ ತಾಯಿ ಕೇಳಿ ಕಳಿಸಿದಳು. ಒತ್ತಾಯವಿಲ್ಲ, ಮನಸ್ಸು ಒಪ್ಪಿದರೆ ಹೋಗಿರಿ ಎಂದು ಹೇಳಿಸಿದೆವು. ಹೋದರು. ಮುಂದಿನ ಸೋಮವಾರ ದರ್ಶನಕ್ಕೆ ಬಂದಾಗ ಆಕೆ, ‘ಬಾವಿ ನೀರು ಸವುಳು ಅವರಿ’ ಎಂದಳು. ನಾವು ನಕ್ಕು, ‘ಇದು ಸಮಾಧಾನದ ಮಾತೋ, ಖರೆಯೋ?’ ಎಂದೆವು. ‘ಖರೇನರಿ, ಕುಡದ ನೋಡೇನಿ. ಮಾವಿನ ಗಿಡ ಮಾತ್ರ ಭಾಳ ಛಲೋ ಅದರಿ, ಹೂವು ಬಿಟ್ಟದ’ ಎಂದಳು. ಮಾಸ್ತರರು ಪಕ್ಕದಲ್ಲೇ ಇದ್ದರು. ಮತ್ತೊಂದು ಮನೆ ನೋಡಿದ್ದಾರಂತೆ. ನಾಳೆಯೇ ಇಸಾರ ಕೊಡುವುದೆಂದರು. ನಾಳೆ ಯಾವ ತಿಥಿಯೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.