ಆಯಿ ಕಣ್ಣು, ಮರಾಠಿ ಚೀಟಿ
(ಅಕ್ಕಲಕೋಟ ಕಡೆಯ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತು)



ನಮ್ಮ ಸಭೆ ಅಂದ್ರೆ ಶಾಲೆ, ನೌಕರಿ, ಫಲಕ, ಇದೇ ಮಾತು. ಇವತ್ತು ನಾವು ಕಣ್ಣಿನ ಆಪರೇಷನ್ ಬಗ್ಗೆ ಹೇಳ್ತೀವಿ. ನಗಬ್ಯಾಡ್ರಿ, ಇದೂ ಭಾಷೆಯ ಮಾತೇ.

ನಮ್ಮ ಆಯಿಗೆ ಪೊರೆ ತೆಗೆಸಿದೆವು. ಮಧ್ಯಾಹ್ನ ಆಪರೇಷನ್, ಸಂಜೆಗೆ ಮನೆ. ಕೈಯಾಗ ಒಂದು ಮರಾಠಿ ಚೀಟಿ: ಬಗ್ಗಬಾರದು, ಭಾರ ಎತ್ತಬಾರದು, ತಲೆ ಮೇಲೆ ನೀರು ಹಾಕಬಾರದು. ಮರಾಠಿ ಓದೋದು ನಮಗೇನು ಕಷ್ಟ? ಓದಿ, ಮಡಚಿ, ಚೀಲದಾಗ ಇಟ್ಟೆವು. ಆಯಿಗೆ ಹೇಳಿದ್ದು ಇಷ್ಟೇ: "ಜ್ವಾಕಿ ಇರು, ಭಾರ ಎತ್ತಬ್ಯಾಡ."

ನಾಲ್ಕನೇ ದಿನ ನಸುಕಿನಾಗ ಎದ್ದು ನೋಡಿದರೆ ಆಯಿ ಒಲೆ ಮುಂದೆ ಕೂತು ರೊಟ್ಟಿ ಬಡೀತಿದ್ಲು. ಬಗ್ಗಿದ ತಲೆ, ಕಟ್ಟಿಗೆ ಹೊಗೆ, ಹಿಟ್ಟಿನ ಕೈಲೇ ಕಣ್ಣೀರು ಒರೆಸೋದು. ಸಂಜೆಗೆ ಕಣ್ಣು ಕೆಂಪಾಗಿ ನೋವು ಶುರು. "ರೊಟ್ಟಿ ಏನು ಭಾರ ಅದೇನು?" ಅಂತ ಆಯಿ ನಮ್ಮನ್ನೇ ಕೇಳಿದ್ಲು. ಅದೇ ರಾತ್ರಿ ದವಾಖಾನೆಗೆ ಓಡಿದೆವು. ಪುಣ್ಯಕ್ಕೆ ಕಣ್ಣು ಉಳೀತು. ತಪ್ಪು ಚೀಟಿದೂ ಅಲ್ಲ, ಆಯಿದೂ ಅಲ್ಲ, ಚೀಲಕ್ಕೆ ಹಾಕಿದ ನಮ್ಮದು.

ಕೊಯ್ದ ಗಾಯ ಕೆಲವೇ ಮಿಲಿಮೀಟರ್, ಹೆಚ್ಚಾಗಿ ಹೊಲಿಗೆ ಇರೋದಿಲ್ಲ, ತಾನೇ ಕೂಡಬೇಕು. ತಿಕ್ಕಿದರೆ, ಮುಕ್ಕಿ ಎತ್ತಿದರೆ ಒತ್ತಡ ಬೀಳ್ತದ. ಧೂಳು, ಹೊಲಸು ನೀರು ಹೊಕ್ಕರೆ ಸೋಂಕು.

ಆಮೇಲೆ ಚೀಟಿಯನ್ನ ಆಯಿ ದಿನಚರಿಗೆ ತಂದೆವು. ತುಂಬಿದ ಕೊಡ ಮುಟ್ಟಬ್ಯಾಡ. ರೊಟ್ಟಿಗೆ ಕೂಡಬ್ಯಾಡ. ಎಮ್ಮಿ ಹಿಂಡಬ್ಯಾಡ. ಸ್ವಾಮಿ ಸಮರ್ಥರ ಗುಡಿಯಾಗ ನಿಂತೇ ಕೈಮುಗಿ, ಅಡ್ಡ ಬೀಳಬ್ಯಾಡ. ಕುತ್ತಿಗೆ ಕೆಳಗಷ್ಟೇ ಜಳಕ. ರಾತ್ರಿ ಕಣ್ಣಿಗೆ ಕವಚ, ಆಪರೇಷನ್ ಆಗದ ಮಗ್ಗುಲಿಗೆ ನಿದ್ದೆ. ಎರಡು ಔಷಧದ ಹನಿ ನಡುವೆ 5 ನಿಮಿಷ ಬಿಡು, ಚಲೋ ಕಾಣ್ತದ ಅಂತ ಹನಿ ನಿಲ್ಲಿಸಬ್ಯಾಡ. ಕೆಂಪು, ನೋವು, ಮಂಜು ಆದರೆ ಆವಾಗಲೇ ಹೇಳು. ಆಯಿಗೆ ಓದಾಕ ಬರೋದಿಲ್ಲ. ಮರಾಠಿ ಶಾಲೆಯ ಮೊಮ್ಮಗನಿಗೆ ಕನ್ನಡ ಬರೆಯಾಕ ಬರೋದಿಲ್ಲ, ಅದು ಬ್ಯಾರೆ ಸಂಕಟ. ಅದಕ್ಕೆ ಫೋನಿನಾಗ ದನಿ ತುಂಬಿ ಕೊಟ್ಟೆವು.

ಬ್ಯಾಂಕಿನಾಗ ಪಿಂಚಣಿ ದಿನ ಕಪ್ಪು ಚಷ್ಮಾದ ಮುದುಕರು ಸಾಲಿನಾಗ ನಿಂತಿರ್ತಾರ. ಹನಿ ಎಷ್ಟು ಸಲ ಅಂತ ಕೇಳಿದರೆ ಚೀಟಿ ತೋರಿಸ್ತಾರ, ಬಾಯಿಂದ ಉತ್ತರ ಇಲ್ಲ. ನಿಮ್ಮ ಓಣಿಯಾಗ ಇಂಥವರಿದ್ರೆ ಹೋಗಿ ಓದಿ ಹೇಳ್ರಿ. ಸರ್ಕಾರಿ ದವಾಖಾನೆಯಾಗ ಕನ್ನಡ ಚೀಟಿ ಬೇಕು ಅಂತ ಅರ್ಜಿನೂ ಬರೀರಿ, ಕನ್ನಡದಾಗೇ. ಅಹವಾಲು ನಮ್ಮ ಭಾಷೆಯಾಗ ಕೊಡೋ ಹಕ್ಕು ಸಂವಿಧಾನದ 350ನೇ ವಿಧಿಯಾಗ ಅದ.

ಆಯಿಯ ಎರಡನೇ ಕಣ್ಣಿನ ಆಪರೇಷನ್ ಸುಗ್ಗಿ ಮುಗಿದ ಮೇಲೆ. ಆವಾಗ ಒಲೆ ಮುಂದೆ ಕೂಡೋರು ಯಾರು ಅಂತ ಮನ್ಯಾಗ ಈಗಲೇ ಜಗಳ ನಡೆದದ.