ಮಳೆ ನಕ್ಷತ್ರಗಳ ಹುಟ್ಟು ಸಾವು



ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡಲಿ ಎಂದು ಸಮಿತಿಯವರು ಹೇಳಿದ್ದರು. ಅದು ನಿಮ್ಮ ಮೊಬೈಲಿನಲ್ಲೇ ಸಿಗುತ್ತದೆ. ನಾನು ಮಳೆ ನಕ್ಷತ್ರಗಳ ಬಗ್ಗೆ ಮಾತಾಡುತ್ತೇನೆ.

ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ಇಲ್ಲಿ ಕೂತಿರುವ ರೈತರಿಗೆಲ್ಲ ಬಾಯಿಪಾಠ. ಸೂರ್ಯ ಯಾವ ನಕ್ಷತ್ರದ ನೇರಕ್ಕೆ ಬರುತ್ತಾನೋ ಆಗಿನ ಮಳೆಗೆ ಅದೇ ಹೆಸರು. ಹಾಗಾಗಿ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ರಾತ್ರಿ ಕಾಣುವುದಿಲ್ಲ. ಹೆಸರು ಗೊತ್ತಿದ್ದೂ ನಕ್ಷತ್ರವನ್ನೇ ನೋಡದವರು ನಮ್ಮಲ್ಲಿ ಬಹಳ. ನೋಡಬೇಕಾದ್ದು ಚಳಿಗಾಲದಲ್ಲಿ. ನಕ್ಷತ್ರದ ಇಡೀ ಬದುಕು ಈ ನಾಲ್ಕರ ಆಸುಪಾಸಿನಲ್ಲೇ ಕಾಣುತ್ತದೆ.

ಡಿಸೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮೃಗಶಿರದ ಹತ್ತಿರ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳಿವೆ. ಅವುಗಳ ಬಲಕ್ಕೆ ಒಂದು ಮಸುಕು ಕಲೆ. ಅದು ಸುಮಾರು 1300 ಜ್ಯೋತಿರ್ವರ್ಷ ದೂರದ ಅನಿಲ, ದೂಳಿನ ಮೋಡ. ಇಂಥ ಮೋಡದ ತುಣುಕು ತನ್ನದೇ ಭಾರಕ್ಕೆ ಕುಸಿದು, ಕಾದು, ನಡುವಿನ ಶಾಖ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗತೊಡಗುತ್ತದೆ. ಅಲ್ಲಿಗೆ ನಕ್ಷತ್ರ ಹುಟ್ಟಿತು. ಆ ಕಾವು ಹೊರಕ್ಕೆ ತಳ್ಳುತ್ತದೆ, ಭಾರ ಒಳಕ್ಕೆ ಎಳೆಯುತ್ತದೆ. ಈ ಜಗ್ಗಾಟ ಇರುವಷ್ಟು ದಿನ ಅದರ ಆಯುಷ್ಯ.

ನೆತ್ತಿಯ ಬಳಿ ಗೊಂಚಲಿನಂತಿರುವ ಕೃತ್ತಿಕೆ ಎಳೆಯ ಗುಂಪು. ವಯಸ್ಸು ಸುಮಾರು 10 ಕೋಟಿ ವರ್ಷ. ನಮ್ಮ ಸೂರ್ಯನಿಗೆ 460 ಕೋಟಿ. ಕಿತ್ತಳೆ ಬಣ್ಣದ ರೋಹಿಣಿ, ನಡುವಿನ ಹೈಡ್ರೋಜನ್ ಮುಗಿಸಿ ಸೂರ್ಯನ ನಲವತ್ತು ಪಟ್ಟಿಗಿಂತ ದೊಡ್ಡದಾಗಿ ಉಬ್ಬಿದ ಮುದಿ ನಕ್ಷತ್ರ. ಸುಮಾರು 500 ಕೋಟಿ ವರ್ಷಗಳ ಮೇಲೆ ಸೂರ್ಯನೂ ಹಾಗೇ ಉಬ್ಬಿ, ಹೊರಪದರ ಕಳಚಿ, ಭೂಮಿಯ ಗಾತ್ರದ ಶ್ವೇತಕುಬ್ಜವಾಗುತ್ತಾನೆ. ಶ್ವೇತಕುಬ್ಜ ಸೂರ್ಯನ ತೂಕದ 1.4 ಪಟ್ಟು ಮೀರಿದರೆ ನಿಲ್ಲಲಾರದು ಎಂದು ತೋರಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಆ ಲೆಕ್ಕಕ್ಕೆ ಕೂತಾಗ ಅವರಿಗೆ 19 ವರ್ಷ. ಹಿಂದಿನ ಸಾಲಿನ ಮಕ್ಕಳು ಕೇಳಿಸಿಕೊಂಡಿರಾ?

ಆ ಮೂರು ನಕ್ಷತ್ರಗಳ ಎಡಕ್ಕೆ ಕೆಂಪಗಿರುವುದೇ ಆರಿದ್ರಾ. ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯನ್ನೂ ನುಂಗುವಷ್ಟು ದೊಡ್ಡದು. ಉಣ್ಣುವ ಬಾಯಿ ಹೆಚ್ಚಿದ್ದರೆ ಕಣಜ ಬೇಗ ಬರಿದಾಗುತ್ತದಲ್ಲ, ಹಾಗೆ ಭಾರಿ ನಕ್ಷತ್ರದ ಉರುವಲು ಬೇಗ ತೀರುತ್ತದೆ. ಹುಟ್ಟಿ ಸುಮಾರು ಒಂದು ಕೋಟಿ ವರ್ಷ, ಆಗಲೇ ಕೊನೆಗಾಲ. ತಿರುಳು ಕಬ್ಬಿಣವಾಗುವ ತನಕ ಉರಿಯುತ್ತದೆ. ಕಬ್ಬಿಣ ಬೆಸೆದರೆ ಕಾವು ಹುಟ್ಟುವುದಿಲ್ಲ. ತಿರುಳು ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ, ನಕ್ಷತ್ರ ಸಿಡಿಯುತ್ತದೆ. ನಿಮ್ಮ ಗುದ್ದಲಿಯ ಕಬ್ಬಿಣ, ರಕ್ತದ ಕಬ್ಬಿಣ ಹಿಂದೆಂದೋ ಸಿಡಿದ ನಕ್ಷತ್ರಗಳದ್ದು. 2019ರ ಕೊನೆಗೆ ಆರಿದ್ರಾ ಮಂಕಾದಾಗ ಸಿಡಿದೇಬಿಡುತ್ತದೆ ಎಂದು ಸುದ್ದಿಯಾಯಿತು. ಅದೇ ಉಗುಳಿದ ದೂಳು ಅಡ್ಡ ಬಂದಿತ್ತು, ಅಷ್ಟೆ.

ಬೆಂಗಳೂರಿನ ನನ್ನ ಮನೆಯ ತಾರಸಿಯಿಂದ ಆ ಮಸುಕು ಕಲೆ ಕಾಣುವುದಿಲ್ಲ. ಇಲ್ಲಿ ಇನ್ನೂ ಕಾಣುತ್ತದೆ. ಶಾಲೆಯ ಮೈದಾನಕ್ಕೆ ಹೈಮಾಸ್ಟ್ ದೀಪ ಬರಲಿದೆಯಂತೆ; ಬರಲಿ, ಬೇಕು. ಪಂಚಾಯಿತಿ ಅಧ್ಯಕ್ಷರಲ್ಲಿ ಒಂದು ಬಿನ್ನಹ: ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೆ ಮರೆ ಹಾಕಿಸಿ, ಅಮಾವಾಸ್ಯೆ ರಾತ್ರಿ ಒಂದು ಗಂಟೆ ದೀಪ ಆರಿಸಲು ಒಪ್ಪಿಕೊಳ್ಳಿ. ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಒಂದು ದೂರದರ್ಶಕ ಕೊಡುತ್ತಿದ್ದೇವೆ. ಡಿಸೆಂಬರಿನ ಅಮಾವಾಸ್ಯೆಗೆ ಅದನ್ನು ಜೋಡಿಸಿಕೊಡಲು ನಾನೇ ಬರುತ್ತೇನೆ. ಮಕ್ಕಳು ಸ್ವೆಟರ್ ಹಾಕಿಕೊಂಡು ಬನ್ನಿ.