ಹೆಡ್ ಆಫೀಸ್ ಬಾಸೆಲ್‌ನಲ್ಲಿ, ಕೆಲಸ ಮಂಗಳೂರಲ್ಲಿ: ಮಿಷನರಿಗಳ ದಿನಚರಿ

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಬಸ್ಸಲ್ಲಿ ಇಯರ್‌ಫೋನ್ ಮರೆತವರಿಗೆ. ಮಾತಾಡಿದ ಹಾಗೇ ಇಟ್ಟಿದ್ದೇವೆ.)

ನಾನು ಏಲೂರಿಂದ ಮಾತಾಡ್ತಾ ಇದ್ದೇನೆ. ಬೆಂಗಳೂರಲ್ಲಿ ಕೂತು ನೋಡ್ತಿರೋರಿಗೆ ಹೇಳ್ಬೇಕು ಅಂದ್ರೆ, ಇದು ಕೊಚ್ಚಿ ಪಕ್ಕದ ಊರು. ಸುತ್ತ ಪೆರಿಯಾರ್ ನದಿ, ಮಧ್ಯೆ ಫ್ಯಾಕ್ಟ್ ಗೊಬ್ಬರದ ಕಾರ್ಖಾನೆ. ಇಲ್ಲಿಂದ ದಿನಾ ಇನ್ಫೋಪಾರ್ಕಿಗೆ ಹೋಗಿ ಬರ್ತೇನೆ. ಬಾಡಿಗೆ ಕಡಿಮೆ ಅನ್ನೋದು ಬಿಟ್ರೆ ಬೇರೆ ಕಾರಣ ಏನಿಲ್ಲ.

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನಿಸಬಹುದು. ಮಿಷನರಿಗಳ ದಿನಚರಿ. ಅವರ ಧರ್ಮಬೋಧನೆ ಅಲ್ಲ, ದಿನಚರಿ. ಬೆಳಿಗ್ಗೆ ಎದ್ದು ರಾತ್ರಿ ಮಲಗೋವರೆಗೆ ಏನು ಮಾಡ್ತಾರೆ, ಯಾವ ದಿನ ಖುಷಿ, ಯಾವ ದಿನ ಬೇಜಾರು.

ನಮ್ಮ ಟೀಮಿಗೆ ಒಬ್ಬ ಹುಡುಗ ಬಂದ, ಬೆಂಗಳೂರಿನವನೇ. ಚಹಾ ಕುಡಿಯಲ್ಲ, ಕಾಫಿ ಕುಡಿಯಲ್ಲ. ಕೇರಳದಲ್ಲಿ ಚಾಯ ಬೇಡ ಅಂದ್ರೆ ಜನ ಜ್ವರ ಬಂದಿದೆಯಾ ಅಂತ ಕೇಳ್ತಾರೆ. ವಿಚಾರಿಸಿದರೆ ಅವನು ಮಾರ್ಮನ್. ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಹಾಗೇ ಕರೀಬೇಕು ಅನ್ನೋದು ಅವರ ಅಪೇಕ್ಷೆ. 1993ರಿಂದ ಬೆಂಗಳೂರು ಅವರ ಮಿಷನ್ ಕೇಂದ್ರ. ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮನೆ ಬಿಟ್ಟು ಮಿಷನರಿಯಾಗಿ ಹೋಗ್ತಾರೆ. ಸಂಬಳ ಇಲ್ಲ. ಇವನೂ ಹೋಗಿ ಬಂದವನು, ಹೈದರಾಬಾದ್ ಕಡೆ.

ಅವನ ಟೈಮ್‌ಟೇಬಲ್ ಕೇಳಿ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು. ಬೆಳಿಗ್ಗೆ ಓದು, ಪ್ರಾರ್ಥನೆ, ಭಾಷಾ ಪಾಠ. ವಾರಕ್ಕೆ ಒಂದು ದಿನ ಬಟ್ಟೆ ಒಗೆಯೋಕೆ, ಸಾಮಾನು ತರೋಕೆ, ಮನೆಗೆ ಬರೆಯೋಕೆ. ಇಪ್ಪತ್ತನಾಲ್ಕು ಗಂಟೆ ಜೊತೆಗೊಬ್ಬ ಇರ್ತಾನೆ. ಆ ಜೊತೆಗಾರನನ್ನು ಆರಿಸೋದು ನೀವಲ್ಲ, ಮೇಲಿನವರು. ಕೆಲವು ವಾರ ಆದ ಮೇಲೆ ಬದಲಾಯಿಸೋದೂ ಅವರೇ. "ಯಾವುದು ಕಷ್ಟ ಆಯ್ತು?" ಅಂತ ಕೇಳಿದೆ. ಜನ ಬೈಯೋದು ಅಂತ ಹೇಳ್ತಾನೆ ಅಂದುಕೊಂಡಿದ್ದೆ. "ಬೈಯೋರು ಕಮ್ಮಿ ಅಣ್ಣಾ. ಬರ್ತೀವಿ ಅಂತ ನಗ್ತಾ ಹೇಳಿ ಭಾನುವಾರ ಬರದೇ ಇರೋರು ಜಾಸ್ತಿ. ಅದಕ್ಕಿಂತ ಕಷ್ಟ ಅಂದ್ರೆ ಗೊರಕೆ ಹೊಡೆಯೋ ಜೊತೆಗಾರ" ಅಂದ.

ಇನ್ನೊಂದು ಮಾತೂ ಹೇಳಿದ. 2019ರ ಫೆಬ್ರವರಿಗೆ ಮುಂಚೆ ಈ ಹುಡುಗರು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಈಗ ವಾರಕ್ಕೊಮ್ಮೆ ಮಾಡಬಹುದು. ಅದನ್ನು ಕೇಳಿದಾಗ ನನ್ನ ತಲೆ ಹಿಂದಕ್ಕೆ ಹೋಯ್ತು. ನಾನು ಪುತ್ತೂರು ಕಡೆಯವನು. ಅಜ್ಜನ ಮನೆಯ ಹಂಚಿನ ಮೇಲೆ ಬಾಸೆಲ್ ಮಿಷನ್ ಅಂತ ಅಚ್ಚಿತ್ತು. ಫೋನೇ ಇಲ್ಲದ ಕಾಲದಲ್ಲಿ, ಸ್ವಿಟ್ಜರ್ಲೆಂಡಿನ ಆಫೀಸಿನ ಅಪ್ಪಣೆ ಮೇಲೆ ಮಂಗಳೂರಲ್ಲಿ ಕೂತು ಕೆಲಸ ಮಾಡಿದ ಆ ಜರ್ಮನರ ದಿನಗಳು ಹೇಗಿದ್ದವು?

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ನಾನು ಕ್ರೈಸ್ತ ಅಲ್ಲ. ಮತಾಂತರ ಸರಿಯೋ ತಪ್ಪೋ ಅಂತ ತೀರ್ಪು ಕೊಡೋಕೆ ಇವತ್ತು ಕೂತಿಲ್ಲ. ಆದರೆ ಅವರು ಬಂದದ್ದೇ ಅದಕ್ಕೆ, ಅದನ್ನು ಮುಚ್ಚಿಟ್ಟು "ಕನ್ನಡ ಸೇವಕರು" ಅಂತ ಹಾರ ಹಾಕೋದೂ ನನಗೆ ಹಿಡಿಸಲ್ಲ.

1834ರ ಅಕ್ಟೋಬರ್ ಕೊನೆಯಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಮಂಗಳೂರಿಗೆ ಬಂದರು. ಈಸ್ಟ್ ಇಂಡಿಯಾ ಕಂಪನಿ ಕಾನೂನು ಸಡಿಲ ಮಾಡಿ, ಇಂಗ್ಲಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದಿದ್ದು ಅದರ ಹಿಂದಿನ ವರ್ಷ. ಬಂದವರಿಗೆ ಮೊದಲ ಕೆಲಸ ಪ್ರವಚನ ಅಲ್ಲ, ಮುನ್ಶಿ ಮುಂದೆ ಕೂರೋದು. ಮಂಗಳೂರಲ್ಲಿ ಒಂದು ಭಾಷೆ ಸಾಕಾಗಲ್ಲ ಅಂತ ನಿಮಗೆ ಗೊತ್ತು. ಕಚೇರಿಗೆ ಕನ್ನಡ, ಗದ್ದೆಗೆ ತುಳು, ಪೇಟೆಗೆ ಕೊಂಕಣಿ.

ಇಲ್ಲಿ ನಮ್ಮ ಕಥೆಯೂ ಅದೇ ತಾನೇ. ಏಲೂರಲ್ಲಿ ಹೊಸದಾಗಿ ಬಂದ ನಮ್ಮ ಕನ್ನಡದವರೊಬ್ಬರು ಅಂಗಡಿಗೆ ಹೋಗಿ, ಅರ್ಧ ಮಲಯಾಳಂ ಅರ್ಧ ಕನ್ನಡದಲ್ಲಿ, ಸಾಮಾನಿನ "ಪಟ್ಟಿ" ತಂದಿದ್ದೇನೆ ಅಂದರು. ಮಲಯಾಳಂನಲ್ಲಿ ಪಟ್ಟಿ ಅಂದ್ರೆ ನಾಯಿ. ಅಂಗಡಿಯವರು ಕೌಂಟರ್ ಕೆಳಗೆ ಬಗ್ಗಿ ನೋಡಿದರಂತೆ. ಸಂತೆಯಲ್ಲಿ ನಿಂತು ಪರಲೋಕದ ವಿಷಯ ಮಾತಾಡೋ ಜರ್ಮನ್ ಬಾಯಲ್ಲಿ ಇಂಥವು ಎಷ್ಟು ಬಂದಿರಬಹುದು, ಯೋಚನೆ ಮಾಡಿ.

ಹೆಡ್ ಆಫೀಸ್ ವಿಷಯಕ್ಕೆ ಬರ್ತೇನೆ. ಬಾಸೆಲ್‌ನಲ್ಲಿ ಒಂದು ಕಮಿಟಿ ಇತ್ತು. ಎಲ್ಲಿ ಕೆಲಸ, ಯಾರ ಜೊತೆ, ಎಷ್ಟು ಖರ್ಚು, ಎಲ್ಲಾ ಅವರೇ ಹೇಳೋದು. ನಮಗೆ ಹೀಗೆ ಹೇಳಿದ್ರೆ ಮಾಮೂಲಿ ಅನಿಸುತ್ತೆ. ಆದರೆ ಮದುವೆಗೂ ಅವರ ಅಪ್ಪಣೆ ಬೇಕಿತ್ತು. ಹೊಸ ಮಿಷನರಿ ಒಬ್ಬಂಟಿಯಾಗಿ ಹೊರಡಬೇಕು. ಎರಡು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಅರ್ಜಿ. ಹುಡುಗಿಯನ್ನು ಕಮಿಟಿ ಒಪ್ಪಬೇಕು, ಎಷ್ಟೋ ಸಲ ಕಮಿಟಿಯೇ ಹುಡುಕಿ ಕಳಿಸೋದು. ಮುಖ ನೋಡದ ಹೆಂಡತಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದು ಹಡಗಿಂದ ಇಳೀತಿದ್ದಳು. ಅವಳಿಗೂ ಇವನ ಮುಖ ಗೊತ್ತಿಲ್ಲ. ಪತ್ರ ಬರೆದರೆ ಉತ್ತರ ಬರೋಷ್ಟರಲ್ಲಿ ಕೇಳಿದ ಪ್ರಶ್ನೆಯೇ ಹಳೇದಾಗಿರ್ತಿತ್ತು.

ಏರಿಳಿತ ಅಂದ್ರೆ ಏನು ಅಂತ ಗೊತ್ತಾಗಬೇಕಾದರೆ ಹುಬ್ಬಳ್ಳಿ ಕಡೆಯ ಕಾಲಜ್ಞಾನದವರ ಕಥೆ ಕೇಳಬೇಕು. 1839–40ರ ಹೊತ್ತಿಗೆ ಮಿಷನ್ ಧಾರವಾಡ, ಹುಬ್ಬಳ್ಳಿಗೆ ಹೋಗಿತ್ತು. ಅಲ್ಲಿ ಕಾಲಜ್ಞಾನದ ಗ್ರಂಥ ನಂಬೋ ಒಂದು ಪಂಗಡದವರು ಬಂದು, ನೀವು ಬರ್ತೀರಿ ಅಂತ ನಮ್ಮ ಗ್ರಂಥದಲ್ಲೇ ಬರೆದಿದೆ ಅನ್ನೋ ಅರ್ಥದ ಮಾತಾಡಿದರು. ಒಬ್ಬಿಬ್ಬರಿಗಾಗಿ ವರ್ಷಗಟ್ಟಲೆ ಕಾಯ್ತಿದ್ದವರಿಗೆ ಇದ್ದಕ್ಕಿದ್ದ ಹಾಗೆ ಸಾವಿರಾರು ಜನರ ಆಸೆ. 1841ರಲ್ಲಿ ಬೆಟಗೇರಿ ಹತ್ತಿರ ಮಲಸಮುದ್ರದಲ್ಲಿ ಜಮೀನು ಹಿಡಿದು, ಬರೋ ಜನಕ್ಕೆ ಅಂತ ಒಕ್ಕಲುತನದ ನೆಲೆಯನ್ನೇ ಮಾಡಿದರು. ಜನ ಬರಲಿಲ್ಲ. ನಮ್ಮ ಹುಡುಗ ಹೇಳಿದ ಹಾಗೆ, ನಗ್ತಾ ಬರ್ತೀವಿ ಅಂದು ಭಾನುವಾರ ಬರದವರು. ಆ ನೆಲೆಯೂ ಉಳಿಯಲಿಲ್ಲ. ಕ್ಲೈಂಟ್ ಸಹಿ ಹಾಕೋ ಮುಂಚೆ ಫ್ಲೋರ್ ಬಾಡಿಗೆಗೆ ತಗೊಂಡ ಕಂಪನಿಗಳನ್ನು ನಾವೂ ನೋಡಿದ್ದೇವೆ.

ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. ಟ್ಯೂಬಿಂಗನ್‌ನಲ್ಲಿ ಓದಿದವರು. 1843ರ ಜುಲೈ 1ಕ್ಕೆ ಕಲ್ಲಚ್ಚಲ್ಲಿ 'ಮಂಗಳೂರ ಸಮಾಚಾರ' ತಂದರು, ಕನ್ನಡದ ಮೊದಲ ಪತ್ರಿಕೆ. ಈಗ ಆ ದಿನ ಪತ್ರಿಕಾ ದಿನ ಅಂತ ಮಾಡ್ತೇವೆ. ಶಾಲೆಯಲ್ಲಿ ಹೇಳದ ವಿಷಯ ಅಂದ್ರೆ, ಅದು ಹದಿನೈದು ದಿನಕ್ಕೊಮ್ಮೆ ಬರ್ತಿದ್ದ ಪತ್ರಿಕೆ, ಮರುವರ್ಷವೇ ಬಳ್ಳಾರಿಗೆ ಹೋಗಿ ಹೆಸರು ಬದಲಾಯಿಸಿಕೊಂಡಿತು. ಆಮೇಲೆ ಅವರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ದುಡ್ಡು ಕೊಟ್ಟಿದ್ದು ನೀಲಗಿರಿಯಲ್ಲಿದ್ದ ಕ್ಯಾಸಮೇಜರ್ ಅನ್ನೋ ನಿವೃತ್ತ ಅಧಿಕಾರಿ. ಯಾರ ನಂಬಿಕೆಯನ್ನು ಬದಲಾಯಿಸೋಕೆ ಬಂದರೋ ಅವರದೇ ಪುರಾಣದ ಪ್ರೂಫ್ ತಿದ್ದುತ್ತಾ ಕೂತ ದಿನಗಳು. ಅದು ಅವರಿಗೆ ಒಳ್ಳೆ ದಿನವೋ ಕೆಟ್ಟ ದಿನವೋ, ನನಗೆ ಕೇಳಬೇಕು ಅನಿಸುತ್ತೆ.

ಅದೇ ಮೋಗ್ಲಿಂಗರ ದೊಡ್ಡ ಗೆಲುವು ಅಂತ ಲೆಕ್ಕ ಆದದ್ದು 1844ರ ಜನವರಿಯಲ್ಲಿ. ಅವರ ಶಾಲೆಯಲ್ಲಿ ಓದ್ತಿದ್ದ ಆನಂದರಾವ್ ಕೌಂಡಿಣ್ಯ, ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ದೀಕ್ಷಾಸ್ನಾನ ಪಡೆದರು. ಮಂಗಳೂರಲ್ಲಿ ಗಲಾಟೆ ಎದ್ದಿತು. ಬಾಸೆಲ್‌ಗೆ ಹೋದ ವರದಿಯಲ್ಲಿ ಅದು ಒಂದು ಅಂಕಿ, ಒಂದು ಸಂತೋಷದ ಸಾಲು. ಹುಡುಗನ ಮನೆಯಲ್ಲಿ? ಮಗ ಬದುಕಿದ್ದಾನೆ, ಆದರೆ ಒಳಗೆ ಬರುವ ಹಾಗಿಲ್ಲ, ಪಂಕ್ತಿಗೆ ಕೂರುವ ಹಾಗಿಲ್ಲ. 1846ರಲ್ಲಿ ಮೋಗ್ಲಿಂಗ್ ಅವರನ್ನು ಬಾಸೆಲ್‌ಗೆ ಕರೆದುಕೊಂಡು ಹೋದರು. ಅಲ್ಲಿ ಓದಿ, 1851ರಲ್ಲಿ ತಾವೇ ಮಿಷನರಿಯಾಗಿ ವಾಪಸ್ ಬಂದರು. ಅವರು ತಾವಾಗಿ ಆರಿಸಿದ ದಾರಿ ಅದು, ಅದನ್ನು ನಾನು ಕಡೆಗಣಿಸಲ್ಲ. ಆದರೂ ಮಿಷನರಿಯ ಒಳ್ಳೆ ದಿನ ಇನ್ನೊಂದು ಮನೆಯ ಅತಿ ಕೆಟ್ಟ ದಿನ ಆಗಿರಬಹುದು ಅನ್ನೋದನ್ನು ಯಾವ ವಾರ್ಷಿಕ ವರದಿಯ ಕೋಷ್ಟಕದಲ್ಲೂ ತೋರಿಸೋಕೆ ಆಗಲ್ಲ.

ಕಿಟ್ಟೆಲ್ ಬಗ್ಗೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸ್ತೇನೆ. ಬಂದದ್ದು 1853ರಲ್ಲಿ, ವಯಸ್ಸು 21. ಜನರ ಹಾಗೇ ಬದುಕಬೇಕು ಅಂತ ಹೊರಟು, ಜೊತೆಯ ಮಿಷನರಿಗಳ ಅಸಮಾಧಾನ ಕಟ್ಟಿಕೊಂಡವರು. ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ 41 ವರ್ಷದಲ್ಲಿ ಸುಮಾರು 70,000 ಪದ, ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ, ಹೆಂಡತಿಯ ಸಾವು, ಅವಳ ತಂಗಿಯ ಜೊತೆ ಎರಡನೇ ಮದುವೆ. ದಿನಚರಿ ಅಂತ ನೋಡಿದರೆ, ಒಂದು ಗಾದೆ ಎಲ್ಲಿ ಸಿಗುತ್ತೆ, ಒಂದು ಪದಕ್ಕೆ ಇನ್ನೊಂದು ಅರ್ಥ ಇದೆಯಾ, ಇದೇ ಕೆಲಸ ನಾಳೆ ಮತ್ತೆ. ಅದರಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ನನಗೇನೋ ಅವರನ್ನು ಉಳಿಸಿದ್ದೇ ಅದು ಅನಿಸುತ್ತೆ.

ಈಗ ನಿಜವಾಗಿ ಹೇಳಬೇಕು ಅಂತ ಬಂದ ವಿಷಯಕ್ಕೆ ಬರ್ತೇನೆ: ಮಕ್ಕಳು.

ಮೋಗ್ಲಿಂಗರ ಗೆಳೆಯ ಹರ್ಮನ್ ಗುಂಡರ್ಟ್ ನಮ್ಮ ಈ ಕಡೆ, ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ 1839ರಿಂದ ಇದ್ದರು. 1872ರ ಮಲಯಾಳಂ ನಿಘಂಟು ಅವರದು. ಮಲಯಾಳಂನ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' 1847ರಲ್ಲಿ ತಂದವರೂ ಅವರೇ. ನಮಗೆ ಕಿಟ್ಟೆಲ್ ಹೇಗೋ ಇವರಿಗೆ ಗುಂಡರ್ಟ್ ಹಾಗೆ. ಹೆಂಡತಿ ಜೂಲಿ ಹೆಣ್ಣುಮಕ್ಕಳ ಶಾಲೆ ನಡೆಸ್ತಿದ್ದರು. ಊರಿನ ಬೇರೆಯವರ ಮಕ್ಕಳಿಗೆ ಅಕ್ಷರ, ಹೊಲಿಗೆ ಕಲಿಸ್ತಿದ್ದ ತಾಯಿ. ಅವರ ಮಗಳು ಮೇರಿ ಹುಟ್ಟಿದ್ದು 1842ರಲ್ಲಿ, ಇದೇ ಕೇರಳದಲ್ಲಿ. ಆ ಮಗುವನ್ನು ಇನ್ನೂ ಶಾಲೆಗೆ ಸೇರೋ ವಯಸ್ಸಾಗುವ ಮೊದಲೇ ಯುರೋಪಿಗೆ ಕರೆದುಕೊಂಡು ಹೋಗಿ, ಅಲ್ಲೇ ಬಿಟ್ಟು, ಅಪ್ಪ ಅಮ್ಮ ಕೆಲಸಕ್ಕೆ ವಾಪಸ್ ಬಂದರು. ಅವರು ಕಲ್ಲೆದೆಯವರು ಅಂತಲ್ಲ. ಮಿಷನರಿ ಮಕ್ಕಳು ಯುರೋಪಿನಲ್ಲೇ ಬೆಳೆಯಬೇಕು ಅನ್ನೋದು ಪದ್ಧತಿ. ಇಲ್ಲಿನ ಜ್ವರದ ಭಯ ಒಂದು, ಮಗು ನಮ್ಮವರ ಹಾಗೆ ಬೆಳೆಯದೇ ಹೋದರೆ ಅನ್ನೋ ಭಯ ಇನ್ನೊಂದು. ಆಮೇಲೆ 1850ರ ದಶಕದಲ್ಲಿ ಇಂಥ ಮಕ್ಕಳಿಗೆ ಅಂತಲೇ ಬಾಸೆಲ್‌ನಲ್ಲಿ ಹಾಸ್ಟೆಲ್ ತೆರೆದರು.

ಮೇರಿ ಅಪ್ಪ ಅಮ್ಮನ ಹತ್ತಿರ ವಾಪಸ್ ಬಂದಾಗ 1857. ವಯಸ್ಸು 15. ಹಡಗಿಂದ ಇಳಿದು ಅಪ್ಪ ಅಂತ ಕರೆಯಬೇಕಾದವರ ಜೊತೆ ಹತ್ತು ವರ್ಷಕ್ಕೂ ಮಿಕ್ಕಿ ಇದ್ದ ಸಂಬಂಧ ಬರೀ ಕಾಗದದ್ದು. ಮುಂದೆ ಅವಳೂ ಮಿಷನರಿಯನ್ನೇ ಮದುವೆಯಾದಳು. ಅವನು ತೀರಿಕೊಂಡ ಮೇಲೆ ಮತ್ತೊಬ್ಬ ಮಿಷನರಿ, ಯೋಹಾನೆಸ್ ಹೆಸ್ಸೆ. ಅವರ ಮಗ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದು ನೊಬೆಲ್ ತಗೊಂಡವರು. ಎಲ್ಲರೂ ಹೆಸ್ಸೆಯ ಹೆಸರು ಹೇಳಿ ಕಥೆ ಮುಗಿಸ್ತಾರೆ. ನನಗೆ ಕಾಡೋದು ಯುರೋಪಿನಲ್ಲಿ ಬಿಟ್ಟುಬಂದ ದಿನದ ಆ ಹುಡುಗಿ, ಮತ್ತೆ ವಾಪಸ್ ಬರೋ ಹಡಗಲ್ಲಿ ಕೂತ ಜೂಲಿ.

ಯಾಕೆ ಅಂದ್ರೆ ನಮ್ಮ ಕೊಚ್ಚಿ, ತಿರುವನಂತಪುರದ ಕನ್ನಡದ ಮನೆಗಳಲ್ಲಿ ಈಗ ನಡೀತಿರೋ ಚರ್ಚೆ ಇದೇ. ಮೇ ತಿಂಗಳು ಬಂದರೆ ಶುರು. ಇಲ್ಲಿದ್ರೆ ಎರಡನೇ ಭಾಷೆ ಮಲಯಾಳಂ ಆಗುತ್ತೆ, ಕನ್ನಡ ಓದೋಕೆ ಬರಲ್ಲ, ನಾವು ಯಾವಾಗ ಟ್ರಾನ್ಸ್‌ಫರ್ ಆಗ್ತೇವೋ ಗೊತ್ತಿಲ್ಲ, ಹಾಗಾಗಿ ಮಗು ಅಜ್ಜಿ ಹತ್ತಿರ ಇರಲಿ. ನಮ್ಮ ಮನೆಯಲ್ಲೂ ಈ ವರ್ಷ ಅದೇ ಮಾತು. ಮಗಳಿಗೆ ಐದು ವರ್ಷ. ನನ್ನ ಅಮ್ಮ ಪುತ್ತೂರಿಂದ ಫೋನ್ ಮಾಡಿ "ಇಲ್ಲಿಗೆ ಕಳಿಸು ಮಾರಾಯ, ನಾನು ನೋಡಿಕೊಳ್ತೇನೆ" ಅಂತಾರೆ. ಪ್ರೀತಿಯಿಂದಲೇ ಹೇಳೋದು. ವಿಡಿಯೋ ಕಾಲ್ ದಿನಾ ಇರುತ್ತೆ, ಜೂಲಿಗೆ ಅದೂ ಇರಲಿಲ್ಲ ಅಂತ ನಾನೇ ನನಗೆ ಹೇಳಿಕೊಂಡೆ. ಹೆಂಡತಿ ಒಂದೇ ಮಾತು ಕೇಳಿದಳು: "ಭಾಷೆ ಉಳೀಲಿ ಅಂತ ಮಗೂನ ಕಳಿಸೋದಾ, ನಮ್ಮ ಡೆಡ್‌ಲೈನ್ ಉಳೀಲಿ ಅಂತಾನಾ?"

ಕಳಿಸಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಸುಲಭ ಆಗಿದೆ ಅಂತ ಹೇಳಲ್ಲ. ಅವಳು ಮೂರು ಗಂಟೆಗೆ ಬರ್ತಾಳೆ, ನಮಗೆ ಏಳಾಗುತ್ತೆ. ಪಕ್ಕದ ಮನೆ ಚೇಚಿ ನೋಡಿಕೊಳ್ತಾರೆ, ಅವರ ಹತ್ತಿರ ಮಲಯಾಳಂ ಮಾತಾಡ್ತಾಳೆ, ನಮ್ಮ ಹತ್ತಿರ ಬಂದು "ಅಪ್ಪಾ, ಪಟ್ಟಿ ಕುರೈಕ್ತಾ ಇದೆ" ಅಂತಾಳೆ. ಶನಿವಾರ ಅವಳಿಗೆ ಕನ್ನಡ ಅಕ್ಷರ ನಾನು ಬರೆಸ್ತೇನೆ, ನನಗೆ ಮಲಯಾಳಂ ಬಸ್ ಬೋರ್ಡ್ ಅವಳು ಓದಿಸ್ತಾಳೆ. ಕೆಲವು ಶನಿವಾರ ಇಬ್ಬರೂ ಜಗಳ ಆಡಿ ಎದ್ದುಬಿಡ್ತೇವೆ. ಕಳಿಸಿರೋ ಮನೆಯವರನ್ನು ನಾನು ಆಡಿಕೊಳ್ತಿಲ್ಲ. ಅವರವರ ಕಷ್ಟ ಅವರವರಿಗೆ. ಆದರೆ ಎಲ್ಲರೂ ಮಾಡ್ತಾರೆ ಅನ್ನೋ ಕಾರಣಕ್ಕೆ ಕಳಿಸಬೇಡಿ. ಗುಂಡರ್ಟ್ ಮನೆಯವರಿಗೆ ಅದು ಪದ್ಧತಿ, ಮೀರೋಕೆ ಜಾಗ ಕಮ್ಮಿ ಇತ್ತು. ನಮಗೆ ಹಾಗೆ ಹೇಳೋ ಕಮಿಟಿ ಯಾವುದೂ ಇಲ್ಲ.

ಇನ್ನು, ತಲಶ್ಶೇರಿಗೆ ಹೋಗೋದು ಹೇಗೆ ಅಂತ ಎಡಿಟಿಂಗ್ ಮಾಡಿಕೊಡೋ ಗೆಳೆಯರೇ ಕೇಳಿದರು. ಏಲೂರು, ಕಳಮಶ್ಶೇರಿ ಕಡೆಯವರಿಗೆ ಆಲುವಾದಲ್ಲಿ ರೈಲು ಹತ್ತೋದು ಸುಲಭ. ಮಂಗಳೂರು ಕಡೆ ಹೋಗೋ ರೈಲುಗಳು ತಲಶ್ಶೇರಿ ಮೇಲೇ ಹೋಗ್ತವೆ, ನಾಲ್ಕೈದು ಗಂಟೆ ದಾರಿ. ಸ್ಟೇಷನ್ನಿಂದ ಆಟೋದವರಿಗೆ ಗುಂಡರ್ಟ್ ಬಂಗ್ಲಾವ್, ಇಲ್ಲಿಕುನ್ನು ಅಂದ್ರೆ ಸಾಕು. ನಮ್ಮ ಬೆಂಗಳೂರಿನವರಿಗೆ ಪೀಣ್ಯದಿಂದ ಗೊತ್ತಿರೋ ಎನ್‌ಟಿಟಿಎಫ್ ತರಬೇತಿ ಸಂಸ್ಥೆ ಹುಟ್ಟಿದ್ದೂ ಅದೇ ನೆಟ್ಟೂರಿನಲ್ಲಿ. ಹೋಗೋ ಮುಂಚೆ ತೆರೆದಿರೋ ಸಮಯ ವಿಚಾರಿಸಿಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ನಾವು ಓಣಂ ರಜೆಯಲ್ಲಿ ಹೋಗ್ತಾ ಇದ್ದೇವೆ, ಬರೋರು ಹೇಳಿ, ಒಟ್ಟಿಗೆ ಟಿಕೆಟ್ ಮಾಡಿಸೋಣ.